ಆಟದ ನಿಯಮವೂ ಆಟದ ಕಥೆಯೂ

ನಮ್ಮ ನಾಡಿನ ಹಳೆಯ ಗುಡಿಗಳ ಕಟ್ಟೆಯ ಮೇಲೆ, ಚಾವಡಿಯ ಹಾಸುಗಲ್ಲಿನ ಮೇಲೆ ಕೊರೆದ ಗೆರೆಗಳನ್ನು ಕಾಣದವರು ವಿರಳ. ಮೇಲೊಂದು ಶಿಖರಬಿಂದು, ಅದರಿಂದ ಇಳಿದು ಬರುವ ನಾಲ್ಕು ಗೆರೆಗಳು, ಅವುಗಳನ್ನು ಅಡ್ಡಲಾಗಿ ಹಾಯುವ ಮೂರು ಗೆರೆಗಳು, ಕೆಳಗೊಂದು ತಳಗೆರೆ, ಅಡ್ಡಗೆರೆಗಳ ತುದಿಗಳನ್ನು ಎರಡು ಪಕ್ಕಗಳಲ್ಲಿಯೂ ಕೂಡಿಸುವ ಒಂದೊಂದು ನಿಲುಗೆರೆ. ಗೆರೆಗಳು ಕೂಡುವ ಸ್ಥಾನಗಳನ್ನು ಎಣಿಸಿದರೆ ೨೩ ಆಗುತ್ತವೆ. ಇದೇ ಹುಲಿ-ಕುರಿ ಆಟದ ಮನೆ. ಕೆಲವೆಡೆ ಇದನ್ನು ಆಡು-ಹುಲಿ ಎಂದೂ ಕರೆಯುತ್ತಾರೆ. ಅಫಜಲಪುರ ತಾಲ್ಲೂಕಿನ ಹವಳಗಾದಂತಹ ಊರಿನಲ್ಲಿ ಕೊರೆದ ಕಲ್ಲೇ ಬೇಕೆಂದಿಲ್ಲ. ಮನೆಯ ನೆಲಕ್ಕೆ ಹಾಸಿದ ಶಹಾಬಾದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಅಂಗಳದಿಂದ ಹದಿನೆಂಟು ಹರಳುಗಳನ್ನು ಆರಿಸಿ ತಂದರೆ ಆಟ ಸಿದ್ಧವಾಯಿತು.

ಈ ಆಟವನ್ನು ಕಲಿಸುವಾಗ ಹಿರಿಯರು ಹೇಗೆ ಹೇಳುತ್ತಾರೆ? “ಇವು ಮೂರು ಹುಲಿ, ಇವು ಹದಿನೈದು ಕುರಿ. ಕುರಿಯ ಹಿಂದಿನ ಮನೆ ಬರಿದಾಗಿದ್ದರೆ ಹುಲಿ ಅದರ ಮೇಲೆ ಹಾರಿ ಕೊಲ್ಲುತ್ತದೆ. ಕುರಿಗೆ ಹಾರಲು ಬರುವುದಿಲ್ಲ. ಕುರಿಗಳೆಲ್ಲ ಒಟ್ಟಾಗಿ ಹುಲಿಯನ್ನು ಕಟ್ಟಿಹಾಕಿದರೆ ಕುರಿ ಗೆದ್ದಂತೆ.” ಇಷ್ಟು ಹೇಳಿದರೆ ಆರು ವರ್ಷದ ಮಗುವೂ ಆಡತೊಡಗುತ್ತದೆ. ಆದರೆ ಈ ಮಾತುಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳು ಹೆಣೆದುಕೊಂಡಿವೆ ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಒಂದು, ನಿಯಮ: ಯಾವ ಹರಳು ಯಾವ ಸ್ಥಾನದಿಂದ ಯಾವ ಸ್ಥಾನಕ್ಕೆ ಹೋಗಬಹುದು ಎಂಬ ಕಟ್ಟಳೆ. ಇನ್ನೊಂದು, ಕಥೆ: ಆ ಹರಳು ಹುಲಿ, ಈ ಹರಳು ಕುರಿ, ಅದು ಹಸಿದಿದೆ, ಇದು ಅಂಜಿದೆ ಎಂಬ ಕಲ್ಪನೆಯ ವರ್ಣನೆ. ಇವೆರಡೂ ಒಂದಕ್ಕೊಂದು ಹೇಗೆ ಹೊಂದಿಕೊಳ್ಳುತ್ತವೆ, ಎಲ್ಲಿ ಬೇರೆಯಾಗುತ್ತವೆ, ಬೇರೆಯಾದಾಗ ಯಾವುದು ಯಾವುದಕ್ಕೆ ಮಣಿಯಬೇಕು ಎಂಬುದೇ ಈ ಲೇಖನದ ವಿಷಯ. ಆಟದ ಮಾತು ಹುಡುಗಾಟಿಕೆಯದೆಂದು ವಿದ್ಯಾರ್ಥಿಗಳು ತಿಳಿಯಬಾರದು. ಭೌತಶಾಸ್ತ್ರದ ಪ್ರತಿಯೊಂದು ಲೆಕ್ಕದಲ್ಲಿಯೂ ಇದೇ ಪ್ರಶ್ನೆ ಅಡಗಿದೆಯೆಂಬುದು ಮುಂದೆ ತಾನಾಗಿಯೇ ತೋರಿಬರುವುದು.

ನಿಯಮವೇ ಅರಸನಾದ ಆಟಗಳು

ಮೊದಲು ಒಂದು ಸಣ್ಣ ಪರೀಕ್ಷೆಯನ್ನು ಮಾಡೋಣ. ಹುಲಿ ಎಂಬ ಹೆಸರನ್ನು ತೆಗೆದು ‘ಕರಿಯ ಹರಳು’ ಎನ್ನೋಣ; ಕುರಿಯನ್ನು ‘ಬಿಳಿಯ ಹರಳು’ ಎನ್ನೋಣ. ‘ಕೊಂದಿತು’ ಎಂಬುದರ ಬದಲು ‘ಮನೆಯಿಂದ ತೆಗೆಯಲಾಯಿತು’ ಎನ್ನೋಣ. ಆಟದಲ್ಲಿ ಏನಾದರೂ ಬದಲಾಯಿತೇ? ಒಂದು ನಡೆಯೂ ಬದಲಾಗಲಿಲ್ಲ. ಕಥೆಯನ್ನು ಪೂರ್ತಿಯಾಗಿ ಕಳಚಿದರೂ ಆಟ ನಿಲ್ಲುತ್ತದೆ.

ಇದು ಬರಿಯ ಊಹೆಯ ಮಾತಲ್ಲ. ನಮ್ಮ ಹುಲಿ-ಕುರಿಯ ಸೋದರನೆನ್ನಬಹುದಾದ ಬಾಘ್‌ಚಾಲ್ ಎಂಬ ಆಟ ನೇಪಾಳದಲ್ಲಿದೆ. ಅದರಲ್ಲಿ ೨೫ ಸ್ಥಾನಗಳು, ೪ ಹುಲಿಗಳು, ೨೦ ಆಡುಗಳು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ಇಬ್ಬರು ಗಣಕವಿಜ್ಞಾನಿಗಳು ಈ ಆಟವನ್ನು ಕಂಪ್ಯೂಟರಿನಿಂದ ಶೋಧಿಸಿ, ಎರಡು ಪಕ್ಷದವರೂ ಎಲ್ಲಿಯೂ ತಪ್ಪದೆ ಆಡಿದರೆ ಯಾರೂ ಗೆಲ್ಲದೆ ಆಟ ಸಮವಾಗುವುದೆಂದು ತೋರಿಸಿದರು. ಕಂಪ್ಯೂಟರಿಗೆ ಹುಲಿಯ ಗರ್ಜನೆಯೂ ತಿಳಿಯದು, ಆಡಿನ ಅಂಜಿಕೆಯೂ ತಿಳಿಯದು. ಅದಕ್ಕೆ ತಿಳಿದದ್ದು ಸ್ಥಾನಗಳು ಮತ್ತು ನಡೆಗಳು ಮಾತ್ರ. ಅಷ್ಟೇ ಸಾಕಾಯಿತು.

ಚದುರಂಗ ಇದಕ್ಕೆ ಇನ್ನೂ ಸೊಗಸಾದ ಸಾಕ್ಷಿ. ಓರೆಯಾಗಿ ನಡೆಯುವ ಕಾಯಿಯನ್ನು ನಾವು ಒಂಟೆ ಎನ್ನುತ್ತೇವೆ. ಇಂಗ್ಲೆಂಡಿನಲ್ಲಿ ಅದೇ ಕಾಯಿ ಕ್ರೈಸ್ತ ಧರ್ಮಗುರು, ಜರ್ಮನಿಯಲ್ಲಿ ಓಟಗಾರ, ಫ್ರಾನ್ಸಿನಲ್ಲಿ ವಿದೂಷಕ. ನಾಲ್ಕು ದೇಶಗಳಲ್ಲಿ ನಾಲ್ಕು ವೇಷ, ಆದರೆ ನಡೆ ಒಂದೇ. ಒಂಟೆಯ ಸ್ವಭಾವದಿಂದಾಗಲಿ ಗುರುವಿನ ಸ್ವಭಾವದಿಂದಾಗಲಿ ಓರೆನಡೆ ಹುಟ್ಟಿದುದಲ್ಲವೆಂಬುದು ಇದರಿಂದ ಸ್ಪಷ್ಟ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಅನೇಕ ಹಲಗೆಯಾಟಗಳನ್ನು ತಾವೇ ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಎಂಬ ಭಾಗ ಆಟಗಳಿಗೆಂದೇ ಮೀಸಲಾಗಿದೆ. ಚದುರಂಗದ ಕುದುರೆಯನ್ನು ೬೪ ಮನೆಗಳಲ್ಲಿಯೂ ಒಂದೊಂದೇ ಸಲ ಇಳಿಸಿ ಹಲಗೆಯನ್ನೆಲ್ಲ ಸುತ್ತಿಸುವ ಸಮಸ್ಯೆಯಲ್ಲಿ ಅವರಿಗೆ ತುಂಬ ಆಸಕ್ತಿಯಿತ್ತು. ಅಲ್ಲಿ ಯುದ್ಧದ ಕಥೆ ಪೂರ್ತಿಯಾಗಿ ಮರೆಯಾಗಿ, ಕುದುರೆ ಎಂಬುದು ಒಂದು ಗಣಿತದ ನಡೆಗೆ ಇಟ್ಟ ಹೆಸರು ಮಾತ್ರವಾಗಿ ಉಳಿಯುತ್ತದೆ.

ಹಾಗಾದರೆ ಕಥೆ ಕೇವಲ ಅಲಂಕಾರವೇ? ಅಷ್ಟು ಬೇಗ ತೀರ್ಮಾನಿಸಲಾಗದು. ಹರಳುಗಳ ಭಾಷೆಯಲ್ಲಿ ನಿಯಮಗಳನ್ನು ಹೇಳಿದರೆ ಕಲಿಯುವವನು ಹತ್ತು ಸಲ ಮರೆಯುತ್ತಾನೆ. ಹುಲಿ-ಕುರಿಯ ಭಾಷೆಯಲ್ಲಿ ಹೇಳಿದರೆ ಒಮ್ಮೆಗೇ ಹಿಡಿಯುತ್ತಾನೆ. ಹುಲಿ ಹಾರುವುದು, ಕುರಿ ಹಾರದಿರುವುದು, ಹಿಂದೆ ಇನ್ನೊಂದು ಕುರಿಯ ಆಸರೆಯಿದ್ದಾಗ ಮುಂದಿನದಕ್ಕೆ ಅಪಾಯವಿಲ್ಲದಿರುವುದು, ಒಂಟಿ ಕುರಿ ಸಾಯುವುದು, ಮಂದೆ ಉಳಿಯುವುದು — ಇವೆಲ್ಲ ಕುರಿ ಕಾಯುವ ಜನಕ್ಕೆ ಮೊದಲೇ ತಿಳಿದ ಸಂಗತಿಗಳು. ಕಥೆ ಇಲ್ಲಿ ನಿಯಮದ ಜ್ಞಾಪಕಶಕ್ತಿಯಾಗಿ ದುಡಿಯುತ್ತದೆ. ಅಷ್ಟೇ ಅಲ್ಲ, ಯಾವ ನಡೆ ಒಳ್ಳೆಯದೆಂಬ ಸೂಚನೆಯನ್ನೂ ಕೊಡುತ್ತದೆ: ‘ಮಂದೆಯನ್ನು ಬಿಡಬೇಡ’ ಎಂಬುದು ಕುರಿ ಆಡುವವನಿಗೆ ಉತ್ತಮವಾದ ಸಲಹೆಯೇ ಸರಿ.

ಆದರೆ ಕಥೆ ಮತ್ತು ನಿಯಮಗಳಿಗೆ ಜಗಳ ಬಂದಾಗ? “ನನ್ನ ಹುಲಿ ಬಹಳ ಹಸಿದಿದೆ, ಎರಡು ಕುರಿಗಳನ್ನು ಒಂದೇ ನೆಗೆತಕ್ಕೆ ದಾಟಲಿ” ಎಂದು ಹುಡುಗನೊಬ್ಬ ಹಟ ಹಿಡಿದರೆ ಎದುರಾಳಿ ಒಪ್ಪುವನೇ? ಎಂದೂ ಒಪ್ಪಲಾರ. ನಿಯಮವೇ ಇಲ್ಲಿ ಅರಸ, ಕಥೆ ಅದರ ಊಳಿಗದವನು.

ಇದೇ ಗುಂಪಿಗೆ ಚೌಕಾಬಾರವನ್ನೂ ಸೇರಿಸಬಹುದು. ೨೫ ಮನೆಗಳ ಆ ಆಟದಲ್ಲಿ ನಡೆಸುವ ವಸ್ತುವಿಗೆ ನಾವು ‘ಕಾಯಿ’ ಎನ್ನುತ್ತೇವೆ. ಅದು ಸುತ್ತನ್ನೆಲ್ಲ ಮುಗಿಸಿ ನಡುಮನೆಯನ್ನು ಸೇರಿದಾಗ ‘ಹಣ್ಣಾಯಿತು’ ಎನ್ನುತ್ತೇವೆ. ಕಾಯಿ ಮಾಗಿ ಹಣ್ಣಾಗುವುದೆಂಬ ಒಂದು ಪುಟ್ಟ ಕಥೆ ಎರಡೇ ಶಬ್ದಗಳಲ್ಲಿ ಅಡಗಿ ಕುಳಿತಿದೆ. ಆಡುವವರಿಗೆ ಅದರ ನೆನಪೂ ಇರುವುದಿಲ್ಲ.

ಕಥೆ ಹೇಳುವುದೊಂದು, ನಿಯಮ ಹೇಳುವುದೊಂದು

ಪರಮಪದ ಸೋಪಾನ ಪಟವನ್ನು ನೋಡಿ. ಏಣಿಗಳ ಬುಡದಲ್ಲಿ ಸದ್ಗುಣಗಳು, ಹಾವುಗಳ ಬಾಯಲ್ಲಿ ದುರ್ಗುಣಗಳು, ತುತ್ತತುದಿಯಲ್ಲಿ ಪರಮಪದ. ಒಳ್ಳೆಯ ನಡತೆಯಿಂದ ಮೇಲೇರುವೆ, ಕೆಟ್ಟ ನಡತೆಯಿಂದ ಕೆಳಗೆ ಜಾರುವೆ ಎಂಬುದು ಅದರ ಕಥೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ಇಂಗ್ಲೆಂಡಿಗೆ ಹೋಗಿ, ಅಲ್ಲಿಯ ಮಕ್ಕಳ ನೀತಿಬೋಧೆಗೆ ತಕ್ಕಂತೆ ಹೆಸರುಗಳನ್ನು ಬದಲಿಸಿಕೊಂಡಿತು. ಅಮೆರಿಕದಲ್ಲಿ ೧೯೪೩ರಲ್ಲಿ ಹಾವುಗಳೂ ಹೋಗಿ ಅವುಗಳ ಸ್ಥಾನದಲ್ಲಿ ಮಕ್ಕಳು ಜಾರುವ ಜಾರುಬಂಡೆಗಳು ಬಂದವು. ನಿಯಮ ಮಾತ್ರ ಎಳ್ಳಷ್ಟೂ ಕದಲಲಿಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಿರಿ. ಈ ಆಟದಲ್ಲಿ ಆಟಗಾರನಿಗೆ ಎಲ್ಲಿಯಾದರೂ ಆಯ್ಕೆಯುಂಟೇ? ಇಲ್ಲ. ದಾಳ ಹೇಳಿದಷ್ಟು ಮನೆ ನಡೆಯಬೇಕು, ಅಷ್ಟೇ. ಸತ್ಯದ ಮನೆಗೆ ಬಂದವನು ಸತ್ಯವನ್ನು ಆರಿಸಿಕೊಂಡು ಬಂದವನಲ್ಲ. ಮದದ ಮನೆಗೆ ಬಿದ್ದವನು ಮದಿಸಿ ಬಿದ್ದವನಲ್ಲ. ಕಥೆಯು ‘ನಡತೆಯಂತೆ ಫಲ’ ಎನ್ನುತ್ತಿದ್ದರೆ ನಿಯಮವು ‘ಎಲ್ಲವೂ ದಾಳದ ಕೈಯಲ್ಲಿ’ ಎನ್ನುತ್ತಿದೆ. ಪಟದ ಮೇಲೆ ಬರೆದ ಹೆಸರುಗಳನ್ನು ಓದಿದವನಿಗೆ ಒಂದು ಪಾಠ. ನಿಯಮಗಳನ್ನು ಓದಿದವನಿಗೆ ಬೇರೊಂದು ಪಾಠ. ಆದುದರಿಂದ ಯಾವುದೇ ಆಟ ಏನನ್ನು ಕಲಿಸುತ್ತದೆಂದು ತಿಳಿಯಬೇಕಾದರೆ ಅದರ ಚಿತ್ರಗಳನ್ನಷ್ಟೇ ನೋಡಿದರೆ ಸಾಲದು; ಅದರ ಕಟ್ಟಳೆಗಳನ್ನೂ ಬಿಡಿಸಿ ನೋಡಬೇಕು.

ಕಥೆಯೇ ಅರಸನಾದ ಆಟ

ಈಗ ಇನ್ನೊಂದು ತುದಿಗೆ ಹೋಗೋಣ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕಾಸರಗೋಡುಗಳಲ್ಲಿ ತಾಳಮದ್ದಳೆ ಎಂಬ ಕಲೆಯಿದೆ. ಯಕ್ಷಗಾನದ ಪ್ರಸಂಗವನ್ನೇ ಇಲ್ಲಿ ಎತ್ತಿಕೊಳ್ಳುತ್ತಾರೆ. ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಕುಳಿತಲ್ಲಿಯೇ ಒಬ್ಬ ಅರ್ಥಧಾರಿ ಕರ್ಣನಾಗುತ್ತಾನೆ, ಮತ್ತೊಬ್ಬ ಕೃಷ್ಣನಾಗುತ್ತಾನೆ. ಪದ್ಯದ ಭಾವವನ್ನು ಹಿಡಿದು, ಬರೆದಿಟ್ಟ ಸಂಭಾಷಣೆಯಿಲ್ಲದೆ, ಆ ಕ್ಷಣದಲ್ಲಿ ಹೊಳೆದ ಮಾತುಗಳಿಂದ ವಾದಿಸುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಕಲೆಯಲ್ಲಿ ಪ್ರಖ್ಯಾತರಾದರು.

ಇಲ್ಲಿ ನಿಯಮವೆಂದರೇನು? ಪ್ರಸಂಗದ ಚೌಕಟ್ಟು. ಕರ್ಣನ ಪಾತ್ರಧಾರಿ ಎಷ್ಟೇ ಬಲ್ಲಿದನಾಗಿರಲಿ, ವಾದದಲ್ಲಿ ಕೃಷ್ಣನನ್ನು ಸೋಲಿಸಿಯೇಬಿಡಲಿ, ಕರ್ಣ ಪಾಂಡವರ ಪಕ್ಷಕ್ಕೆ ಹೋಗುವಂತಿಲ್ಲ. ರಣದಲ್ಲಿ ಅವನು ಬೀಳಲೇಬೇಕು. ಏನು ಆಗುತ್ತದೆ ಎಂಬುದು ನಿಶ್ಚಿತ. ಏಕೆ ಆಗುತ್ತದೆ, ಆ ಹೊತ್ತಿಗೆ ಅವನ ಮನಸ್ಸಿನಲ್ಲಿ ಏನಿತ್ತು ಎಂಬುದು ಮಾತ್ರ ಅರ್ಥಧಾರಿಯ ಸ್ವಾತಂತ್ರ್ಯ. ಇಲ್ಲಿ ದಾಳಕ್ಕೆ ಕೆಲಸವಿಲ್ಲ, ಎಣಿಕೆಗೆ ಕೆಲಸವಿಲ್ಲ. ವರ್ಣನೆಯೇ ಸರ್ವಸ್ವ, ನಿಯಮ ಹೊಲದ ಬದುವಿನಂತೆ ಸುತ್ತ ನಿಂತಿರುತ್ತದೆ.

ಎರಡೂ ಮಾತಾಡುವ ಆಟ

ಈ ಎರಡು ತುದಿಗಳ ನಡುವೆ ಮೂರನೆಯದೊಂದು ಬಗೆಯುಂಟು. ಅದರಲ್ಲಿ ನಿಯಮ ಕಥೆಯನ್ನು ಕೇಳುತ್ತದೆ, ಕಥೆ ನಿಯಮವನ್ನು ಕೇಳುತ್ತದೆ. ಇದರ ಹುಟ್ಟು ಸೈನಿಕರ ಮೇಜಿನ ಮೇಲೆ ಆಯಿತು. ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬವನು ೧೮೧೨ರಲ್ಲಿ ಅಲ್ಲಿನ ದೊರೆಗೆ ಒಂದು ಯುದ್ಧದಾಟವನ್ನು ತೋರಿಸಿದನು. ಅದನ್ನು ತಿದ್ದಿ ೧೮೨೪ರಲ್ಲಿ ಪ್ರಕಟಿಸಿದವನು ಸೇನಾಧಿಕಾರಿಯಾಗಿದ್ದ ಅವನ ಮಗ. ಚದುರಂಗದ ಚೌಕಗಳ ಬದಲು ನಿಜವಾದ ಭೂಪಟ. ಗುಂಡು ತಾಗಿತೋ ಇಲ್ಲವೋ ಎಂಬುದಕ್ಕೆ ದಾಳ ಮತ್ತು ಕೋಷ್ಟಕಗಳು. ಇಬ್ಬರು ಸೇನಾಪತಿಗಳ ನಡುವೆ ಒಬ್ಬ ಪಂಚ. ಆಟಗಾರರು ತಮ್ಮ ಆಜ್ಞೆಗಳನ್ನು ಪಂಚನಿಗೆ ತಿಳಿಸುವರು. ಅವುಗಳ ಪರಿಣಾಮವೇನೆಂದು ಅವನು ತೀರ್ಮಾನಿಸುವನು.

ಕಾಲಕ್ರಮದಲ್ಲಿ ಕೋಷ್ಟಕಗಳು ಭಾರವಾದವು. ಒಂದು ಸಣ್ಣ ಚಕಮಕಿಯ ಫಲವನ್ನು ತಿಳಿಯಲು ಹಲವು ಪುಟಗಳನ್ನು ತಿರುವಬೇಕಾಯಿತು. ೧೮೭೬ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಪ್ರಷ್ಯಾದ ಸೇನಾಧಿಕಾರಿ, ಅನುಭವವುಳ್ಳ ಪಂಚನಿದ್ದರೆ ಕೋಷ್ಟಕಗಳನ್ನು ಬದಿಗಿಟ್ಟು ಅವನ ವಿವೇಚನೆಗೇ ಬಿಡಬಹುದೆಂದು ವಾದಿಸಿದನು. ಒಂದು ಕಡೆ ಎಲ್ಲರಿಗೂ ಸಮನಾದ ಕಟ್ಟಳೆ. ಮತ್ತೊಂದು ಕಡೆ ಆ ಸ್ಥಳ, ಆ ಸಂದರ್ಭಗಳನ್ನು ಕಂಡು ಕೊಡುವ ತೀರ್ಪು. ನಮ್ಮ ಊರಿನ ಪಂಚಾಯಿತಿಕಟ್ಟೆಯ ಮೇಲೂ ಕೇಳಿಬರುವ ವಾದವಲ್ಲವೇ ಇದು?

೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಈ ಯುದ್ಧದಾಟವನ್ನು ಸೈನ್ಯದಿಂದ ಒಬ್ಬೊಬ್ಬ ವ್ಯಕ್ತಿಗೆ ಇಳಿಸಿ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಇಂಥ ಆಟಗಳನ್ನು ‘ಪಾತ್ರಧಾರಣೆಯ ಆಟಗಳು’ ಎಂದು ಕರೆಯೋಣ. ನಾಲ್ಕೈದು ಜನ ಮೇಜಿನ ಸುತ್ತ ಕೂಡುತ್ತಾರೆ. ಒಬ್ಬನು ಪಂಚನಾಗಿ ಲೋಕವನ್ನು ವರ್ಣಿಸುತ್ತಾನೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, “ನಾನು ಗೋಡೆ ಹತ್ತುತ್ತೇನೆ”, “ನಾನು ಬಾಗಿಲಿಗೆ ಕಿವಿಗೊಡುತ್ತೇನೆ” ಎಂದು ಹೇಳುತ್ತಾರೆ. ಪಾತ್ರದ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ಅಂಕಗಳುಂಟು. ಮೊದಲಿನ ಕಟ್ಟಳೆಯಂತೆ ಒಂದೊಂದು ಗುಣಕ್ಕೂ ಆರು ಮುಖದ ಮೂರು ದಾಳಗಳನ್ನು ಎಸೆದು ಕೂಡಿಸುತ್ತಿದ್ದರು. ಮೂರು ದಾಳಗಳು ಬೀಳುವ ಬಗೆಗಳು ೬ × ೬ × ೬ = ೨೧೬; ಅವುಗಳಲ್ಲಿ ೧೮ ಬರುವ ಬಗೆ ಒಂದೇ ಒಂದು, ೧೦ ಬರುವ ಬಗೆಗಳು ೨೭. ಸಾಧಾರಣರು ಬಹಳ, ಅಸಾಧಾರಣರು ವಿರಳ ಎಂಬ ಲೋಕದ ಮಾತನ್ನು ಕಟ್ಟಳೆಯು ಮಾತಿಲ್ಲದೆಯೇ ಹೇಳಿಬಿಟ್ಟಿತು. ನಿಯಮವೂ ವರ್ಣಿಸಬಲ್ಲದೆಂಬುದಕ್ಕೆ ಇದು ನಿದರ್ಶನ.

ಭೀಮೆಯಲ್ಲಿ ಒಂದು ಹರಿಗೋಲು

ಈ ಬಗೆಯ ಆಟ ನಡೆಯುವ ಕ್ರಮವನ್ನು ನಮ್ಮದೇ ಸೀಮೆಯ ಒಂದು ಉದಾಹರಣೆಯಿಂದ ಬಿಡಿಸಿ ನೋಡೋಣ. ಹವಳಗಾದ ನಾಲ್ವರು ವಿದ್ಯಾರ್ಥಿಗಳು ಸಂಜೆ ಕೂಡಿದ್ದಾರೆಂದು ಭಾವಿಸಿರಿ. ಪಂಚನಾದವನು ಹೇಳುತ್ತಾನೆ: “ಶ್ರಾವಣದ ರಾತ್ರಿ. ಭೀಮೆ ಕೆಂಪಗೆ ಹರಿಯುತ್ತಿದ್ದಾಳೆ. ಆಚೆಯ ದಡದಲ್ಲಿ ಒಬ್ಬ ರೋಗಿ ಔಷಧಕ್ಕಾಗಿ ಕಾದಿದ್ದಾನೆ. ಈಚೆಯ ದಡದಲ್ಲಿ ಒಂದು ಹರಿಗೋಲು.” ಒಬ್ಬ ಆಟಗಾರನೆನ್ನುತ್ತಾನೆ: “ನಾನು ಹರಿಗೋಲನ್ನು ನಡೆಸುತ್ತೇನೆ.”

ಕಟ್ಟಳೆ ಹೀಗಿರಲಿ: ನಾಲ್ಕು ಕವಡೆಗಳನ್ನು ಎಸೆಯಬೇಕು, ಮೂರು ಅಥವಾ ಹೆಚ್ಚು ಕವಡೆಗಳು ಬಾಯಿ ಮೇಲಾಗಿ ಬಿದ್ದರೆ ದಾಟಿದಂತೆ. ಕವಡೆ ಎರಡು ಕಡೆಗೂ ಸಮನಾಗಿ ಬೀಳುವುದೆಂದು ಸದ್ಯಕ್ಕೆ ಒಪ್ಪಿಕೊಂಡರೆ, ಬೀಳುವ ಬಗೆಗಳು ಒಟ್ಟು ೧೬. ಮೂರು ಮೇಲಾಗುವ ಬಗೆಗಳು ೪. ನಾಲ್ಕೂ ಮೇಲಾಗುವುದು ೧. ಆದುದರಿಂದ ದಾಟುವ ಸಂಭವ ೫/೧೬, ಎಂದರೆ ಮೂರರಲ್ಲಿ ಒಂದಕ್ಕಿಂತಲೂ ಸ್ವಲ್ಪ ಕಡಿಮೆ.

ಈಗ ಆಟಗಾರ ವರ್ಣನೆಯನ್ನು ಬೆಳೆಸುತ್ತಾನೆ: “ನಾನು ಅಂಬಿಗರ ಮನೆಯವನು, ಈ ನದಿಯ ಸುಳಿಗಳು ನನಗೆ ಗೊತ್ತು.” ಪಂಚನು ಇದನ್ನು ಒಪ್ಪಿ ಒಂದು ಕವಡೆಯನ್ನು ಹೆಚ್ಚಿಗೆ ಕೊಡುತ್ತಾನೆ. ಐದು ಕವಡೆಗಳಲ್ಲಿ ಮೂರು ಅಥವಾ ಹೆಚ್ಚು ಮೇಲಾಗುವ ಬಗೆಗಳು ೧೦ + ೫ + ೧ = ೧೬; ಒಟ್ಟು ಬಗೆಗಳು ೩೨. ಸಂಭವ ಸರಿಯಾಗಿ ಅರ್ಧ. “ದಡದಲ್ಲಿ ಗೆಳೆಯರು ಹಗ್ಗ ಹಿಡಿದು ನಿಂತಿದ್ದಾರೆ” ಎಂದು ಸೇರಿಸಿದರೆ ಆರನೆಯ ಕವಡೆ. ಆಗ ಸಂಭವ ೪೨/೬೪, ಸುಮಾರು ಮೂರರಲ್ಲಿ ಎರಡು. ವರ್ಣನೆಯ ಒಂದೊಂದು ಮಾತೂ ಎಣಿಕೆಯಲ್ಲಿ ಹೇಗೆ ಇಳಿದುಬಂತೆಂಬುದನ್ನು ಗಮನಿಸಿರಿ.

ಆದರೆ ಅದಕ್ಕೂ ಮೊದಲೇ ಕಥೆ ಇನ್ನೊಂದು ಕೆಲಸವನ್ನು ಮಾಡಿತ್ತು: ಕವಡೆ ಎಸೆಯಬೇಕೇ ಬೇಡವೇ ಎಂಬುದನ್ನು ನಿರ್ಣಯಿಸಿದ್ದು ಕಥೆಯೇ. ವೈಶಾಖದಲ್ಲಿ ನದಿ ಮೊಣಕಾಲುದ್ದವಿದ್ದರೆ ಎಸೆಯುವ ಅವಶ್ಯಕತೆಯೇ ಇಲ್ಲ, ನಡೆದು ಹೋಗಬಹುದು. ೨೦೨೦ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಂಥ ಪ್ರವಾಹವಿದ್ದರೆ ಹರಿಗೋಲಿನ ಮಾತೇ ಸಲ್ಲದು, ಆಗಲೂ ಎಸೆಯುವಂತಿಲ್ಲ. ಫಲ ಸಂದಿಗ್ಧವಾಗಿರುವಲ್ಲಿ ಮಾತ್ರ ಕವಡೆಗೆ ಕೆಲಸ.

ಕವಡೆ ಬಿದ್ದಿತು, ಎರಡೇ ಮೇಲಾದವು. ದಾಟಲಾಗಲಿಲ್ಲ ಎಂದು ನಿಯಮ ಹೇಳಿತು. ಆದರೆ ಏನಾಯಿತು ಎಂದು ಅದು ಹೇಳಲಿಲ್ಲ. ಮುಳುಗಿದನೇ? ಮರಳಿ ಬಂದನೇ? ಪಂಚನು ಮತ್ತೆ ವರ್ಣಿಸಬೇಕು: “ಸುಳಿಯೊಂದು ಹರಿಗೋಲನ್ನು ತಿರುಗಿಸಿ, ಒಂದು ಹರದಾರಿ ಕೆಳಗೆ ಇದೇ ದಡಕ್ಕೆ ತಂದು ಬಿಟ್ಟಿತು. ಕಂದೀಲು ನೀರುಪಾಲಾಯಿತು.” ಈ ವರ್ಣನೆ ಮುಂದಿನ ಎಸೆತಕ್ಕೆ ತಳಹದಿಯಾಗುತ್ತದೆ. ಬೆಳಕಿಲ್ಲದೆ ದಾರಿ ಹುಡುಕಬೇಕಾದವನಿಗೆ ಒಂದು ಕವಡೆ ಕಡಿಮೆ. ಹೀಗೆ ವರ್ಣನೆಯಿಂದ ನಿಯಮ, ನಿಯಮದಿಂದ ಎಣಿಕೆ, ಎಣಿಕೆಯಿಂದ ಮತ್ತೆ ವರ್ಣನೆ: ಗಾಣದೆತ್ತಿನಂತೆ ಆಟ ಸುತ್ತುತ್ತದೆ. ಗಾಣದೆತ್ತು ಇದ್ದಲ್ಲೇ ಸುತ್ತಿದರೂ ಎಣ್ಣೆ ಇಳಿಯುವಂತೆ, ಪ್ರತಿಯೊಂದು ಸುತ್ತಿಗೂ ಕಥೆ ಮುಂದೆ ಸಾಗುತ್ತದೆ.

ಈ ಸುತ್ತು ಎಲ್ಲಿ ಕಡಿದರೂ ಆಟ ಕೆಡುತ್ತದೆ. ಕಂದೀಲು ಹೋಯಿತೆಂದು ಹೇಳಿದ ಮೇಲೂ ಎಣಿಕೆಯಲ್ಲಿ ಏನೂ ವ್ಯತ್ಯಾಸವಾಗದಿದ್ದರೆ, ವರ್ಣನೆ ಬರಿಯ ಬಾಯಿಮಾತಾಗುತ್ತದೆ. ಆಟಗಾರರು ಅದಕ್ಕೆ ಕಿವಿಗೊಡುವುದನ್ನೇ ಬಿಡುತ್ತಾರೆ. ಕವಡೆ ಗೆಲುವನ್ನು ಕೊಟ್ಟರೂ ಪಂಚನು ತನಗೆ ಬೇಕಾದಂತೆ ಮುಳುಗಿಸಿದರೆ, ನಿಯಮ ಬರಿಯ ನಟನೆಯಾಗುತ್ತದೆ. ಆಟಗಾರರು ಪಂಚನನ್ನು ನಂಬುವುದನ್ನು ಬಿಡುತ್ತಾರೆ. ಗೆಳೆಯನಿಗೊಂದು ನ್ಯಾಯ, ಇತರರಿಗೊಂದು ನ್ಯಾಯವಾದರಂತೂ ಆಟ ಅಲ್ಲಿಗೇ ಮುಗಿಯಿತು. ಹುಲಿ-ಕುರಿಯಲ್ಲಿ ನಂಬಿಕೆಯ ಅವಶ್ಯಕತೆ ಅಷ್ಟಾಗಿಲ್ಲ. ಕಲ್ಲಿನ ಮೇಲಿನ ಗೆರೆಗಳೇ ಸಾಕ್ಷಿ. ಇಲ್ಲಿಯಾದರೋ ಅರ್ಧ ಲೋಕ ಆಡಿದ ಮಾತಿನಲ್ಲಿಯೇ ನಿಂತಿದೆ. ಆದುದರಿಂದ ಪಂಚನ ಪ್ರಾಮಾಣಿಕತೆಯೂ ಆಟದ ಸಾಮಗ್ರಿಗಳಲ್ಲಿ ಒಂದು.

ಸಮೀಕರಣವೂ ಅದರ ಕಥೆಯೂ

ಈಗ ನಮ್ಮ ತರಗತಿಯ ಒಂದು ಲೆಕ್ಕಕ್ಕೆ ಬರೋಣ. ೧೫ ಮೀಟರ್ ಎತ್ತರದ ಕೋಟೆಯ ಬುರುಜಿನ ಅಂಚಿನಿಂದ ಒಬ್ಬನು ಒಂದು ಕಲ್ಲನ್ನು ನೇರ ಮೇಲಕ್ಕೆ, ಸೆಕೆಂಡಿಗೆ ೧೦ ಮೀಟರ್ ವೇಗದಿಂದ ಎಸೆಯುತ್ತಾನೆ. ಅದು ಬುರುಜಿನ ಬುಡದ ನೆಲಕ್ಕೆ ಎಷ್ಟು ಹೊತ್ತಿನಲ್ಲಿ ಬೀಳುವುದು? ಗುರುತ್ವದ ವೇಗೋತ್ಕರ್ಷವನ್ನು ಸುಲಭಕ್ಕಾಗಿ ೧೦ ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟರೆ, ಕಾಲವನ್ನು ‘ಕಾ’ ಎಂದಿಟ್ಟುಕೊಂಡು ಹೀಗೆ ಬರೆಯಬಹುದು:

೧೫ + ೧೦ ಕಾ − ೫ ಕಾ² = ೦

ಇದನ್ನು −೫ರಿಂದ ಭಾಗಿಸಿದರೆ ಕಾ² − ೨ ಕಾ − ೩ = ೦. ಉತ್ತರಗಳು ಎರಡು: ಕಾ = ೩ ಮತ್ತು ಕಾ = −೧.

ಮೊದಲನೆಯದಾಗಿ, ಲೆಕ್ಕದ ವರ್ಣನೆಯಲ್ಲಿನ ಯಾವ ಯಾವ ಮಾತುಗಳು ಸಮೀಕರಣಕ್ಕೆ ಬಂದವೆಂಬುದನ್ನು ನೋಡಿ. ಎತ್ತರ ಬಂತು, ವೇಗ ಬಂತು. ಕಲ್ಲಿನ ಬಣ್ಣ ಬರಲಿಲ್ಲ; ಎಸೆದವನ ಹೆಸರು ಬರಲಿಲ್ಲ; ಕಲ್ಲಿನ ತೂಕವೂ ಬರಲಿಲ್ಲ. ತೂಕ ಬರಬೇಕಾಗಿಲ್ಲವೆಂಬುದನ್ನು ತಿಳಿಯಲು ಮಾನವಕುಲ ಗೆಲಿಲಿಯೋವಿನವರೆಗೆ ಕಾಯಬೇಕಾಯಿತು. ಯಾವ ಮಾತಿಗೆ ಕವಡೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂದು ಆಟದ ಪಂಚ ನಿರ್ಣಯಿಸಿದಂತೆಯೇ ಇದು. ಲೆಕ್ಕದ ಕಠಿಣವಾದ ಭಾಗ ಸಮೀಕರಣವನ್ನು ಬಿಡಿಸುವುದಲ್ಲ, ಅದನ್ನು ಬರೆಯುವುದು.

ಎರಡನೆಯದಾಗಿ, −೧ ಎಂಬ ಉತ್ತರವನ್ನು ನೋಡಿ. ಸಮೀಕರಣಕ್ಕೆ ಎರಡು ಉತ್ತರಗಳೂ ಸಮಾನ. ಎಸೆಯುವ ಮೊದಲೇ ಕಲ್ಲು ನೆಲಕ್ಕೆ ಬೀಳಲಾರದೆಂಬುದು ಅದಕ್ಕೆ ತಿಳಿಯದು, ತಿಳಿದಿರುವುದು ಕಥೆಗೆ. ಆದುದರಿಂದ ಕಥೆಯ ಮಾತಿನಂತೆ −೧ನ್ನು ಬಿಟ್ಟು ೩ ಸೆಕೆಂಡು ಎಂದು ಉತ್ತರಿಸುತ್ತೇವೆ. ಅನೇಕ ವಿದ್ಯಾರ್ಥಿಗಳು ‘ಋಣ ಉತ್ತರವನ್ನು ಹೊಡೆದುಹಾಕಬೇಕು’ ಎಂಬುದನ್ನು ಇನ್ನೊಂದು ನಿಯಮವಾಗಿಯೇ ಬಾಯಿಪಾಠ ಮಾಡಿಬಿಡುತ್ತಾರೆ. ಇದು ಅಪಾಯಕರ. ಆ −೧ ಸುಳ್ಳಲ್ಲ. ಬೇರೊಂದು ಕಥೆಗೆ ಅದೇ ನಿಜವಾದ ಉತ್ತರ. ಬುರುಜಿನ ಮೇಲಿನಿಂದಲ್ಲದೆ, ಅದರ ಬುಡದ ನೆಲದಿಂದಲೇ ಯಾರಾದರೂ ಒಂದು ಸೆಕೆಂಡು ಮೊದಲು, ಸೆಕೆಂಡಿಗೆ ೨೦ ಮೀಟರ್ ವೇಗದಿಂದ ಕಲ್ಲನ್ನು ಮೇಲಕ್ಕೆ ಎಸೆದಿದ್ದರೆ, ಅದು ಸರಿಯಾಗಿ ಶೂನ್ಯ ಕಾಲದಲ್ಲಿ ಬುರುಜಿನ ಅಂಚನ್ನು ೧೦ ಮೀಟರ್ ವೇಗದಿಂದ ಹಾಯ್ದು, ಮುಂದೆ ನಮ್ಮ ಕಲ್ಲಿನಂತೆಯೇ ಚಲಿಸುತ್ತಿತ್ತು. ಸಮೀಕರಣ ಎರಡು ಕಥೆಗಳಿಗೂ ಒಟ್ಟಿಗೆ ಉತ್ತರ ಕೊಟ್ಟಿದೆ. ನಮ್ಮ ಕಥೆ ಯಾವುದೆಂದು ಹೇಳಬೇಕಾದವರು ನಾವು.

ಬೇಡವೆನಿಸಿದ ಉತ್ತರವನ್ನು ಕಣ್ಣುಮುಚ್ಚಿ ಹೊಡೆದುಹಾಕದಿದ್ದುದರಿಂದ ಏನಾಯಿತೆಂಬುದಕ್ಕೆ ವಿಜ್ಞಾನದ ಇತಿಹಾಸದಲ್ಲಿ ಪ್ರಖ್ಯಾತವಾದ ಪ್ರಸಂಗವೊಂದಿದೆ. ೧೯೨೮ರಲ್ಲಿ ಪಾಲ್ ಡಿರಾಕ್ ಇಲೆಕ್ಟ್ರಾನಿಗೆ ಹೊಸ ಸಮೀಕರಣವೊಂದನ್ನು ಬರೆದನು. ಅದರಲ್ಲಿ ಋಣಶಕ್ತಿಯ ಉತ್ತರಗಳೂ ಬಂದವು. ಆಗ ತಿಳಿದಿದ್ದ ಕಥೆಯಲ್ಲಿ ಅವಕ್ಕೆ ಸ್ಥಳವಿರಲಿಲ್ಲ. ಡಿರಾಕ್ ಅವುಗಳನ್ನು ತಳ್ಳಿಹಾಕದೆ, ಇಲೆಕ್ಟ್ರಾನಿನಷ್ಟೇ ದ್ರವ್ಯರಾಶಿಯುಳ್ಳ, ಆದರೆ ಧನ ವಿದ್ಯುದಂಶವುಳ್ಳ ಕಣವೊಂದು ಇರಬೇಕೆಂದು ೧೯೩೧ರಲ್ಲಿ ಸೂಚಿಸಿದನು. ಮರುವರ್ಷವೇ, ೧೯೩೨ರಲ್ಲಿ, ಕಾರ್ಲ್ ಆಂಡರ್ಸನ್ ವಿಶ್ವಕಿರಣಗಳಲ್ಲಿ ಅಂಥ ಕಣದ ಜಾಡನ್ನು ಕಂಡನು. ಅದೇ ಪಾಸಿಟ್ರಾನ್. ಇಲ್ಲಿ ಮಣಿದದ್ದು ನಿಯಮವಲ್ಲ, ಕಥೆ.

ಹಾಗಾದರೆ ವಿಜ್ಞಾನದಲ್ಲಿ ಅರಸನಾರು, ನಿಯಮವೋ ಕಥೆಯೋ? ಎರಡೂ ಅಲ್ಲ. ಬುರುಜಿನ ಲೆಕ್ಕದಲ್ಲಿ ಕಥೆ ನಿಯಮವನ್ನು ತಿದ್ದಿತು. ಡಿರಾಕನಲ್ಲಿ ನಿಯಮ ಕಥೆಯನ್ನು ತಿದ್ದಿತು. ಎರಡರ ನಡುವೆ ತೀರ್ಪು ಕೊಡುವ ಪಂಚನೇ ಪ್ರಯೋಗ. ಮೇಜಿನಾಟದ ಪಂಚನನ್ನು ಗೆಳೆತನದಿಂದ ಒಲಿಸಿಕೊಳ್ಳಬಹುದು, ಹಟದಿಂದ ದಣಿಸಬಹುದು. ಈ ಪಂಚನನ್ನು ಹಾಗೆ ಮಾಡಲಾಗದು. ಆಟಕ್ಕೂ ವಿಜ್ಞಾನಕ್ಕೂ ಇರುವ ಮುಖ್ಯವಾದ ಅಂತರ ಇದೇ.

ವಾಚಕರು ಮಾಡಿ ನೋಡಬಹುದಾದ ಪ್ರಯೋಗ

ಮೇಲಿನ ಹರಿಗೋಲಿನ ಲೆಕ್ಕದಲ್ಲಿ ಕವಡೆ ಎರಡು ಕಡೆಗೂ ಸಮನಾಗಿ ಬೀಳುವುದೆಂದು ಒಪ್ಪಿಕೊಂಡೆವು. ಇದೂ ಒಂದು ಕಥೆಯೇ! ಕವಡೆಯ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಎರಡೂ ಸಮನಾಗಿರಬೇಕೆಂಬುದಕ್ಕೆ ಆಧಾರವಿಲ್ಲ. ಮಾತಿಗೆ, ಬಾಯಿ ಮೇಲಾಗುವ ಸಂಭವ ಅರ್ಧದ ಬದಲು ಐದರಲ್ಲಿ ಎರಡು ಎಂದಾದರೆ, ನಾಲ್ಕು ಕವಡೆಗಳಲ್ಲಿ ಮೂರು ಅಥವಾ ಹೆಚ್ಚು ಮೇಲಾಗುವ ಸಂಭವ ನೂರಕ್ಕೆ ೩೧ರಿಂದ ೧೮ಕ್ಕೆ ಇಳಿಯುತ್ತದೆ. ನದಿ ಬದಲಾಗಲಿಲ್ಲ, ಅಂಬಿಗ ಬದಲಾಗಲಿಲ್ಲ, ಬರೆದ ಕಟ್ಟಳೆಯೂ ಬದಲಾಗಲಿಲ್ಲ. ಆದರೂ ದಾಟುವವರ ಸಂಖ್ಯೆ ಅರ್ಧಕ್ಕೆ ಸಮೀಪವಾಗಿ ಕುಗ್ಗಿತು.

ಆದುದರಿಂದ ಮನೆಯಲ್ಲಿರುವ ಕವಡೆಗಳನ್ನು ತೆಗೆದುಕೊಂಡು, ನಾಲ್ಕು ನಾಲ್ಕಾಗಿ ನೂರು ಸಲ ಎಸೆಯಿರಿ. ಒಟ್ಟು ೪೦೦ ಬೀಳುವಿಕೆಗಳಲ್ಲಿ ಬಾಯಿ ಮೇಲಾದವು ಎಷ್ಟೆಂದು ಬರೆದಿಡಿರಿ. ಕವಡೆ ಸಮನಾಗಿದ್ದರೆ ಈ ಸಂಖ್ಯೆ ಹೆಚ್ಚಾಗಿ ೧೮೦ ಮತ್ತು ೨೨೦ರ ನಡುವೆ ಬರಬೇಕು. ಅದರಿಂದ ಬಹುದೂರ ಸರಿದಿದ್ದರೆ ನಿಮ್ಮ ಕವಡೆ ಸಮನಾದುದಲ್ಲವೆಂದು ಶಂಕಿಸಲು ಕಾರಣವುಂಟು. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿದಾಗಿಸಿದ ಹುಣಸೆಬೀಜಗಳಿಂದಲೂ ಇದನ್ನೇ ಮಾಡಿರಿ. ಮೃದುವಾದ ಕಂಬಳಿಯ ಮೇಲೆ ಎಸೆದ ಫಲವೂ ಶಹಾಬಾದ ಕಲ್ಲಿನ ಮೇಲೆ ಎಸೆದ ಫಲವೂ ಒಂದೇ ಆಗುವುವೇ ಎಂಬುದನ್ನೂ ಪರೀಕ್ಷಿಸಿರಿ.

ಬಳಿಕ ನಾಲ್ವರು ಕೂಡಿ ನಿಮ್ಮ ಊರಿನದೇ ಒಂದು ಸಂದರ್ಭವನ್ನು ಆರಿಸಿಕೊಂಡು ಆಟ ಕಟ್ಟಿರಿ. ಕಟ್ಟಳೆಗಳನ್ನು ಒಂದು ಪುಟಕ್ಕೆ ಮೀರದಂತೆ ಬರೆಯಿರಿ. ಪ್ರತಿಯೊಂದು ಕಟ್ಟಳೆಯ ಎದುರಿಗೂ ಅದು ಕಥೆಯಲ್ಲಿನ ಯಾವ ಸಂಗತಿಯನ್ನು ಹೇಳುತ್ತದೆಂದು ಬರೆಯಿರಿ. ಬರೆಯಲು ಏನೂ ತೋಚದ ಕಟ್ಟಳೆಯಿದ್ದರೆ ಅದನ್ನು ತೆಗೆದು ಆಡಿ ನೋಡಿ. ಮುಂದಿನ ಸಲ ಭೌತಶಾಸ್ತ್ರದ ಪುಸ್ತಕವನ್ನು ತೆರೆದಾಗ ಅಲ್ಲಿಯ ಒಂದೊಂದು ಸೂತ್ರದ ಎದುರಿಗೂ ಇದೇ ಪ್ರಶ್ನೆಯನ್ನು ಇಡಬಹುದು.